ಕಣದ ಬಿಸಿಲು, ಬಂಪರಿನ ಕಪ್ಪು

2020ರ ಫೆಬ್ರುವರಿಯಲ್ಲಿ ಅಪ್ಪನ ಎರಡನೇ ಕಣ್ಣಿನ ಪೊರೆಯನ್ನೂ ತೆಗೆಸಿದೆವು. ಚಿಕ್ಕಮಗಳೂರಿನಲ್ಲಿ ಆಪರೇಷನ್ ಮುಗಿಸಿ ಮನೆಗೆ ಬಂದು ವಾರ ಕಳೆದಿತ್ತು. ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ಕಣದ ಕಡೆ ದಿಟ್ಟಿಸಿ, "ಅದ್ಯಾಕ್ರೋ ಪಿಕಪ್ಪಿಗೆ ಬೂದಿ ಬಳಿದಿದೀರಿ?" ಎಂದು ಕೇಳಿದರು.

ಯಾರೂ ಏನೂ ಬಳಿದಿರಲಿಲ್ಲ. ಕಣದ ಮೂಲೆಯಲ್ಲಿ ವರ್ಷಗಳಿಂದ ನಿಂತ ಜಾಗದಲ್ಲೇ ಪಿಕಪ್ ನಿಂತಿತ್ತು. ಮುಂದಿನ ಬಂಪರು, ಚಕ್ರಗಳ ಮೇಲಿನ ಕಮಾನು, ಕನ್ನಡಿಯ ಚಿಪ್ಪು, ವೈಪರ್ ಬುಡದ ಜಾಲರಿ ಒಂದು ಕಾಲಕ್ಕೆ ಕಪ್ಪಾಗಿದ್ದವು. ಈಗ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದ್ದವು. ನಮಗದು ಹೊಸದಲ್ಲ. ದಿನಕ್ಕೆ ಕೂದಲೆಳೆಯಷ್ಟು ಬದಲಾದದ್ದು ದಿನವೂ ನೋಡುವ ಕಣ್ಣಿಗೆ ಬದಲಾದಂತೆ ಕಾಣುವುದಿಲ್ಲ. ಅಪ್ಪನಿಗೆ ಪೊರೆಯ ಹಿಂದೆ ಲೋಕವೆಲ್ಲ ಹಳದಿ ಮಸುಕಾಗಿತ್ತು, ಪಿಕಪ್ಪೂ ಆ ಮಸುಕಿನಲ್ಲಿ ಸೇರಿಹೋಗಿತ್ತು. ಪೊರೆ ಹೋದ ಕಣ್ಣಿಗೆ ಅದು ಒಂದೇ ರಾತ್ರಿಯಲ್ಲಿ ಮುದಿಯಾದ ಹಾಗೆ ಕಂಡಿರಬೇಕು. ಅವರ ದನಿಯಲ್ಲಿ ನೋವಿತ್ತು. ಆ ನೋವು ನನಗೆ ತಟ್ಟಿತು, ಯಾಕೆಂದರೆ ಗಾಡಿಯ ಕಪ್ಪು ಬಣ್ಣ ಅಪ್ಪನಿಗೆ ಎಷ್ಟು ಮುಖ್ಯ ಎಂದು ಚಿಕ್ಕಂದಿನಿಂದ ಕಂಡವರು ನಾವು.

ನಮ್ಮ ತೋಟ ಕೊಟ್ಟಿಗೆಹಾರದಿಂದ ಬಾಳೂರು ಹಾದು ಕಳಸಕ್ಕೆ ಹೋಗುವ ದಾರಿಯ ಬದಿಯಲ್ಲಿದೆ. ಪಿಕಪ್ಪಿಗಿಂತ ಮೊದಲು ಮನೆಯಲ್ಲಿ ಹಳೆಯ ಜೀಪಿತ್ತು. ಅದರ ಬಂಪರು ದಪ್ಪ ಕಬ್ಬಿಣದ ಪಟ್ಟಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಹದಿನೈದು ದಿನ ಮುಂಚೆ, ಅಪ್ಪ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ಸೌದೆ ಒಟ್ಟುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಮಾಡಿನ ಹಂಚು ಸರಿಮಾಡುವುದು, ಇವುಗಳ ಜೊತೆ ಜೀಪಿನ ಬಂಪರಿಗೆ ಕಪ್ಪು ಹೊಡೆಯುವುದೂ ನಮ್ಮ ಮನೆಯ ಮಳೆಗಾಲದ ತಯಾರಿಗಳಲ್ಲಿ ಒಂದು. ಮೊದಲು ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಬೇಕು. ಆಮೇಲೆ ಮರಳು ಕಾಗದ. ಆಮೇಲೆ ಕೆಂಪು ಪ್ರೈಮರ್. ಅದು ಒಣಗಿದ ಮಾರನೇ ದಿನ ಕಪ್ಪು ಎನಾಮಲ್. ಡಬ್ಬಿ ಹಿಡಿದುಕೊಳ್ಳುವ ಕೆಲಸ ನನ್ನದು. ಟರ್ಪೆಂಟೈನ್ ವಾಸನೆಗೆ ತಲೆ ತಿರುಗಿದರೂ ಆ ಡಬ್ಬಿಯನ್ನು ಬೇರೆಯವರಿಗೆ ಕೊಡಲು ನನಗೆ ಇಷ್ಟವಿರಲಿಲ್ಲ.

ಕಬ್ಬಿಣಕ್ಕೆ ಮಳೆಯೊಂದೇ ಶತ್ರುವಾಗಿರಲಿಲ್ಲ, ಬೋರ್ಡೋ ದ್ರಾವಣವೂ ಇತ್ತು. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಒಂದುಗೂಡಿಸಿದ ಮೇಲೆ ಅಪ್ಪ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಬೆರೆಸಬೇಕು. ಹಾಗೆ ಸುಣ್ಣ ಕಡಿಮೆಯಾದ ದ್ರಾವಣ ಬಂಪರಿನ ಮೇಲೆ ಚೆಲ್ಲಿದರೆ ಆ ಜಾಗಕ್ಕೆ ಮೊದಲು ತುಕ್ಕು ಹಿಡಿಯುತ್ತಿತ್ತು. ಅದಕ್ಕೇ ಡ್ರಮ್ಮು ಏರಿಸಿ ಇಳಿಸುವಾಗೆಲ್ಲ ಅಪ್ಪ ಜೀಪಿನ ಹತ್ತಿರವೇ ನಿಂತಿರುತ್ತಿದ್ದರು.

2006ರಲ್ಲಿ ಪಿಕಪ್ ಬಂತು. ಅಂಗಳಕ್ಕೆ ಬಂದು ನಿಂತ ದಿನ ಅಪ್ಪ ಸುತ್ತ ಒಂದು ಬಾರಿ ನಡೆದು, ಬಂಪರನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ್ದು ಈಗಲೂ ಕಣ್ಣ ಮುಂದಿದೆ. ಪ್ಲಾಸ್ಟಿಕ್. "ಇನ್ನು ತುಕ್ಕಿಲ್ಲ, ಬಣ್ಣ ಬಳಿಯೋ ಕೆಲಸವೂ ಇಲ್ಲ" ಎಂದರು. ತೋಟದ ಹೆಸರು ಬರೆಸಿದ್ದ ಪುಟ್ಟ ತಗಡನ್ನು ಬಂಪರಿನ ನಡುವೆ ಎರಡು ಸ್ಕ್ರೂ ಹಾಕಿ ಕೂರಿಸಿದರು. ಆ ವರ್ಷದ ಮೇ ತಿಂಗಳಿನಿಂದ ನಮ್ಮ ಮನೆಯಲ್ಲಿ ಟರ್ಪೆಂಟೈನ್ ವಾಸನೆ ನಿಂತುಹೋಯಿತು.

ನೀರಿನ ಕಾಟವನ್ನು ನಾವು ಬಲ್ಲೆವು. ಆರಿದ್ರಾ ಮಳೆ ಹಿಡಿದರೆ ಆಶ್ಲೇಷದವರೆಗೆ ಬಟ್ಟೆ ಒಣಗದ ಸೀಮೆ ನಮ್ಮದು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ನೀರು ಇಳಿಯುವುದನ್ನು ಕಾಯುವುದು ನಮಗೆ ರೂಢಿ. ಏನು ಹಾಳಾದರೂ ನೀರಿನಿಂದ ಎಂದೇ ನಮ್ಮ ತಿಳುವಳಿಕೆ. ಬಿಸಿಲನ್ನು ಶತ್ರು ಎಂದು ಯಾರೂ ಎಣಿಸಿರಲಿಲ್ಲ. ನಾವು ಅದಕ್ಕಾಗಿ ಕಾಯುವವರು, ಅದು ಬಂದರೆ ಕೈಮುಗಿಯುವವರು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಣದಲ್ಲಿ ಕಾಫಿ ಹರಡಿ, ಬಿಸಿಲು ಸಾಲದೆ ಹೋದರೆ ಎದೆ ಹೊಡೆದುಕೊಳ್ಳುವವರು. ಪಾರ್ಚ್‌ಮೆಂಟ್ ಕಾಫಿಯ ತೇವ ಶೇಕಡ 10ಕ್ಕೆ ಇಳಿಯಬೇಕಾದರೆ ಒಳ್ಳೆಯ ಬಿಸಿಲೇ ಬೇಕು. ಹಾಗಾಗಿ ಕಣವನ್ನು ತೋಟದ ಅತಿ ತೆರೆದ ಜಾಗದಲ್ಲಿ, ಒಂದು ಕೊಂಬೆಯ ನೆರಳೂ ಬೀಳದ ಕಡೆ ಮಾಡಿರುತ್ತಾರೆ. ಮೂಟೆ ತುಂಬಲು ಅನುಕೂಲ ಎಂದು ಪಿಕಪ್ಪೂ ಅಲ್ಲೇ ನಿಲ್ಲುತ್ತಿತ್ತು. ಹದಿನಾಲ್ಕು ಬೇಸಿಗೆ.

ನಾಲ್ಕೈದು ವರ್ಷಕ್ಕೇ ಕಪ್ಪು ತೆಳುವಾಗತೊಡಗಿತ್ತು ಎಂದು ಈಗ ಹಳೆಯ ಫೋಟೋ ನೋಡಿದರೆ ಗೊತ್ತಾಗುತ್ತದೆ. ಆಗ ಅದು ನಮ್ಮ ಕಣ್ಣು ತಪ್ಪಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಮಳೆಗಾಲದಲ್ಲಿ ಪಿಕಪ್ ಹೊಸದಾಗುತ್ತಿತ್ತು! ಜೂನ್ ಬಂದು ಮೈ ಒದ್ದೆಯಾದರೆ ಬಂಪರು ಮೊದಲ ದಿನದ ಹಾಗೆ ಕರ್ರಗೆ ಮಿಂಚುತ್ತಿತ್ತು. ನಮ್ಮಲ್ಲಿ ಅದು ವರ್ಷದಲ್ಲಿ ನಾಲ್ಕೈದು ತಿಂಗಳು ಒದ್ದೆಯಾಗಿಯೇ ಇರುತ್ತದೆ. ಅಕ್ಟೋಬರಿನಲ್ಲಿ ಒಣಗಿ ಮತ್ತೆ ಬೂದಿಯಾದಾಗ ಧೂಳು ಕೂತಿದೆ ಎಂದುಕೊಳ್ಳುತ್ತಿದ್ದೆವು.

ಆಯುಧಪೂಜೆಯ ಹಿಂದಿನ ದಿನ ನಮ್ಮ ಡ್ರೈವರು ಬಟ್ಟೆಗೆ ಡೀಸೆಲ್ ಅದ್ದಿ ಕಪ್ಪು ಭಾಗಗಳನ್ನೆಲ್ಲ ಒರೆಸುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಗಾಡಿ ಮದುಮಗನ ಹಾಗಾಗುತ್ತಿತ್ತು. ಕುಂಬಳಕಾಯಿ ಒಡೆದು, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುವಾಗ ಅದರ ಹೊಳಪು ನೋಡಿ ಎಲ್ಲರಿಗೂ ಸಂತೋಷ. ವಾರದೊಳಗೆ ಆ ಎಣ್ಣೆಗೆ ದಾರಿಯ ಕೆಂಪು ಧೂಳೆಲ್ಲ ಅಂಟಿ ಮೊದಲಿಗಿಂತ ಕೆಡುತ್ತಿತ್ತು. ಒರೆಸುವ ಉತ್ಸಾಹದಲ್ಲಿ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗಿಗೂ ಡೀಸೆಲ್ ತಾಗುತ್ತಿತ್ತು. ಬೀಡಿಂಗಿನ ರಬ್ಬರು ಮಳೆ ಬಿಸಿಲನ್ನು ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಸಡಿಲವಾಗುತ್ತದೆ. ಒಂದು ಆಶ್ಲೇಷ ಮಳೆಯಲ್ಲಿ ಎಡಬಾಗಿಲಿನಿಂದ ನೀರಿಳಿದು, ಸೀಟಿನ ಮೇಲಿದ್ದ ಅಪ್ಪನ ಕೂಲಿ ಲೆಕ್ಕದ ಪುಸ್ತಕ ತೊಯ್ದು ಮುದ್ದೆಯಾಯಿತು. ಮಳೆ ಜೋರಿತ್ತು ಎಂದುಕೊಂಡು ಸುಮ್ಮನಾದೆವು. ಡೀಸೆಲ್ಲಿಗೂ ಅದಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಡ್ರೈವರು ಅದನ್ನು ಪ್ರೀತಿಯಿಂದ ಮಾಡುತ್ತಿದ್ದರು. ಆ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ.

ಅಪ್ಪ ಆ ಪ್ರಶ್ನೆ ಕೇಳಿದ ಮರು ತಿಂಗಳು, 2020ರ ಮಾರ್ಚಿಯ ಕೊನೆಗೆ, ಲಾಕ್‌ಡೌನ್ ಬಂತು. ಬೆಂಗಳೂರಿಗೆ ವಾಪಸು ಹೊರಟಿದ್ದ ನಾನು ಮನೆಯಲ್ಲೇ ಉಳಿದೆ. ತೋಟದ ಕೆಲಸ ನಿಲ್ಲಲಿಲ್ಲ, ಆದರೂ ಮಧ್ಯಾಹ್ನದ ಮೇಲೆ ಕೈ ಬಿಡುವಿರುತ್ತಿತ್ತು. ಅಪ್ಪನ ಪ್ರಶ್ನೆ ಕಿವಿಯಲ್ಲೇ ಇತ್ತು. ಒಂದು ಬಕೆಟ್ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ನಾಲ್ಕು, ಅಪ್ಪನ ಹರಿದ ಪಂಚೆ ಇಷ್ಟನ್ನು ಹಿಡಿದು ಬಂಪರಿನ ಮುಂದೆ ಮಣೆ ಹಾಕಿ ಕೂತೆ. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು.

ಈ ಪ್ಲಾಸ್ಟಿಕ್ ನುಣುಪಲ್ಲ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಪ್ರತಿ ಗುಳಿಯಲ್ಲೂ ನಮ್ಮ ತೋಟದ ಹದಿನಾಲ್ಕು ವರ್ಷ ಕೂತಿತ್ತು ಎಂದರೆ ಹೆಚ್ಚು ಹೇಳಿದಂತಲ್ಲ. ಕೆಂಪು ಮಣ್ಣು ಸೋಪಿಗೆ ಬಿಟ್ಟಿತು. ಜಾಲರಿಯ ಸಂದಿಯ ಪಾಚಿ ಬ್ರಷ್ಷಿಗೆ ಬಿಟ್ಟಿತು. ಹಿಂದಿನ ಮಡ್‌ಗಾರ್ಡಿನ ಹತ್ತಿರ ಹಲಸಿನ ಮೇಣ ಕಲ್ಲಾಗಿ ಅಂಟಿತ್ತು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿ ಬಿಟ್ಟೆ, ಬೆಳಿಗ್ಗೆ ಉಗುರಿನಲ್ಲಿ ಎದ್ದು ಬಂತು. ಯಾವುದಕ್ಕೂ ಜಗ್ಗದ್ದು ಬೋರ್ಡೋ ಕಲೆ. ಸ್ಪ್ರೇ ಡ್ರಮ್ಮು ಹೊತ್ತ ಗಾಡಿಗಳಿಗೆಲ್ಲ ಇರುವ ನೀಲಿ ಮಿಶ್ರಿತ ಬಿಳಿ ಚುಕ್ಕೆ. ಎಷ್ಟು ಉಜ್ಜಿದರೂ ಒದ್ದೆಯಿದ್ದಾಗ ಮಾಯ, ಒಣಗಿದರೆ ಪ್ರತ್ಯಕ್ಷ.

ಅಮ್ಮ ಹಿತ್ತಲಿನಿಂದ ಬಂದು ನೋಡಿದವಳು, "ಅದು ಮೈಲುತುತ್ತದ್ದಲ್ವಾ? ತಾಮ್ರದ್ದೇ ತಾನೆ? ಹಂಡೆಗೆ ಹಾಕೋ ಹುಳಿ ಹಾಕು" ಎಂದಳು. ಹುಣಸೆಹುಳಿಯ ಗಟ್ಟಿ ನೀರನ್ನು ಅವಳೇ ತಂದುಕೊಟ್ಟಳು. ಹಚ್ಚಿ ಹತ್ತು ನಿಮಿಷ ಬಿಟ್ಟು ಬ್ರಷ್ಷಿನಲ್ಲಿ ತಿಕ್ಕಿದರೆ ಚುಕ್ಕೆ ಕರಗಿ ಹೋಯಿತು. ಸುಣ್ಣ, ತಾಮ್ರ ಎರಡೂ ಹುಳಿಗೆ ಸೋಲುತ್ತವೆ. ರಸಾಯನಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಆದರೆ ಆ ಹೊತ್ತಿಗೆ ಅದು ನೆನಪಾದದ್ದು ಅಮ್ಮನಿಗೆ. ಹುಳಿ ಉಳಿಯದ ಹಾಗೆ ಮೂರು ಸಲ ನೀರು ಹಾಕಿದೆ.

ನಾಲ್ಕನೇ ದಿನ ಎಲ್ಲ ಒಣಗಿ ನಿಂತಾಗ ಹೊಟ್ಟೆ ಚುಳ್ ಎಂದಿತು. ಬಂಪರು ಮೊದಲಿಗಿಂತ ಬೆಳ್ಳಗಾಗಿತ್ತು. ಇಷ್ಟು ದಿನ ಆ ಕೊಳೆಯೇ ಒಂದಿಷ್ಟು ಕಪ್ಪನ್ನು ಕೊಟ್ಟಿತ್ತೇನೋ. ಒಣ ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದಂಥ ನವಿರು ಪುಡಿ. ತೊಳೆಯುವುದರಿಂದ ಸಿಗಬೇಕಾದ್ದು ಸಿಕ್ಕಿಬಿಟ್ಟಿತ್ತು, ಇನ್ನು ತೊಳೆಯಲು ಏನೂ ಇರಲಿಲ್ಲ. ಹೋಗಬಾರದ್ದು ಯಾವುದೋ ಹೋಗಿತ್ತು.

ಹೆಸರಿನ ತಗಡಿನ ಹಿಂದೆಯೂ ಮಣ್ಣು ಇರಬಹುದು ಎಂದು ಎರಡು ಸ್ಕ್ರೂ ಬಿಚ್ಚಿದೆ. ತಗಡು ಕೈಗೆ ಬಂತು. ಅದರ ಹಿಂದೆ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಕಪ್ಪು ಚೌಕ. ಎಂಥ ಕಪ್ಪು! 2006ರಲ್ಲಿ ಅಪ್ಪ ಗೆಣ್ಣಿನಿಂದ ಕುಟ್ಟಿದ ಅದೇ ಬಂಪರು, ಒಂದು ದಿನವೂ ವಯಸ್ಸಾಗದೆ, ಆ ತಗಡಿನ ಹಿಂದೆ ಕಾದುಕೊಂಡಿತ್ತು. ಮಳೆ ಅಲ್ಲಿಗೂ ಹೋಗಿತ್ತು, ಮಣ್ಣೂ ಹೋಗಿತ್ತು. ಹೋಗದೆ ಇದ್ದದ್ದು ಬಿಸಿಲೊಂದೇ. ಅಪ್ಪನನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಾಗಾದ್ರೆ ಇದು ಮಳೆ ಕೆಲಸ ಅಲ್ಲ" ಎಂದರು.

ಆಮೇಲೆ ಓದಿ ತಿಳಿದುಕೊಂಡೆ. ಗಾಡಿಗಳ ಈ ಕಪ್ಪು ಭಾಗ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಒಡೆಯದಿರಲೆಂದು ಅದಕ್ಕೆ ರಬ್ಬರಿನಂಥದ್ದನ್ನು ಬೆರೆಸುತ್ತಾರೆ, ಬಿಗಿ ಬರಲೆಂದು ಹಲವು ಸಲ ಟಾಲ್ಕ್ ಪುಡಿಯನ್ನೂ ಬೆರೆಸುತ್ತಾರೆ. ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್, ಅಂದರೆ ಅತಿ ನವಿರಾದ ಮಸಿ. ಹಿಂದೆ ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದ ಕಾಡಿಗೆಯ ನೆಂಟ. ಈ ಮಸಿ ಬಣ್ಣಕ್ಕಷ್ಟೇ ಇರುವುದಲ್ಲ, ಬಿಸಿಲಿನ ಅತಿನೇರಳೆ ಕಿರಣವನ್ನು ತಾನು ನುಂಗಿ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪುಗಳು ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದರೂ ತಾಳುವುದು ಅವುಗಳಲ್ಲಿರುವ ಶೇಕಡ 2ರಿಂದ 3ರಷ್ಟು ಮಸಿಯ ಬಲದಿಂದ. ಆದರೂ ವರ್ಷಗಟ್ಟಲೆ ಬಿಸಿಲು ಬಿದ್ದರೆ ಮೇಲ್ಪದರದ ಎಳೆಗಳು ತುಂಡಾಗುತ್ತವೆ. ಕಣ್ಣಿಗೆ ಕಾಣದ ಬಿರುಕುಗಳೇಳುತ್ತವೆ. ಪುಡಿಯಾದದ್ದು ಮಳೆಗೆ ತೊಳೆದುಹೋಗುತ್ತದೆ, ಒಳಗಿನ ಟಾಲ್ಕಿನ ಬಿಳುಪು ಹೊರಗೆ ಕಾಣುತ್ತದೆ. ಆ ಒರಟು ಮೈಮೇಲೆ ಬೆಳಕು ದಿಕ್ಕಾಪಾಲಾಗಿ ಚದುರಿ ನಮಗೆ ಬೂದಿ ಬಣ್ಣವಾಗಿ ಕಾಣುತ್ತದೆ.

ಮಳೆಯಲ್ಲಿ ಪಿಕಪ್ ಹೊಸದಾಗುತ್ತಿದ್ದ ಗುಟ್ಟೂ ಅದೇ. ಬಿರುಕುಗಳಲ್ಲಿ ನೀರು ತುಂಬಿದರೆ ಬೆಳಕು ಚದುರುವುದು ಕಡಿಮೆಯಾಗುತ್ತದೆ, ಒಳಗಿನ ಕಪ್ಪು ಕಾಣುತ್ತದೆ. ಹೊಳೆಯೊಳಗೆ ಚೆಂದ ಕಂಡ ಕಲ್ಲು ಮನೆಗೆ ತಂದರೆ ಮಂಕಾಗುವ ಹಾಗೆ. ಡೀಸೆಲ್ ಮಾಡುತ್ತಿದ್ದದ್ದೂ ಇಷ್ಟೇ. ಅಂದರೆ ಕಪ್ಪು ಪೂರ್ತಿ ಸತ್ತಿರಲಿಲ್ಲ, ಮೇಲಿನ ಪದರವೊಂದು ಪೊರೆಯಾಗಿತ್ತು. ಪೊರೆ ಎಂಬ ಮಾತು ಬರೆಯುವಾಗ ಅಪ್ಪನ ಕಣ್ಣು ನೆನಪಾಗದೆ ಇರುವುದಿಲ್ಲ. ಅತಿನೇರಳೆ ಕಿರಣ ಕಣ್ಣಿನ ಪೊರೆಗೂ ಒಂದು ಕಾರಣ ಎನ್ನುತ್ತಾರೆ ವೈದ್ಯರು. ನಲವತ್ತು ವರ್ಷ ಕಣದ ಬಿಸಿಲಲ್ಲಿ ನಿಂತು ಕಾಫಿ ಕೆದಕಿಸಿದವರು ಅಪ್ಪ. ಟೋಪಿ ಹಾಕಿದ್ದನ್ನು ನಾನು ಕಂಡಿಲ್ಲ.

ಕೊಬ್ಬರಿ ಎಣ್ಣೆಯನ್ನೂ ಪರೀಕ್ಷಿಸಿದೆ, ಎಡಗಡೆಯ ಕಮಾನಿಗೆ ಮಾತ್ರ. ಸಂಜೆ ಕರ್ರಗೆ ಚೆಂದ ಕಂಡಿತು. ಬೆಳಿಗ್ಗೆ ನೋಡಿದರೆ ಗುಳಿಗಳಲ್ಲೆಲ್ಲ ಬಿಳಿ ಬಿಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಏಪ್ರಿಲ್‌ನ ಬೆಳಗಿನ ಜಾವಕ್ಕೂ ಶಾಲು ಬೇಕು. ಬಿಸಿಲೇರಿದಾಗ ಕರಗಿ ಮತ್ತೆ ಕಪ್ಪಾಯಿತು, ಸಂಜೆಯ ಹೊತ್ತಿಗೆ ಧೂಳು ಕುಡಿದು ಕೆಂಪಾಯಿತು. ಸೋಪು ಹಾಕಿ ತೆಗೆದೆ. ಪರಿಚಯದವರೊಬ್ಬರು ಹೀಟ್ ಗನ್ ಹಿಡಿಸಲು ಹೇಳಿದರು. ಕಾಯಿಸಿದರೆ ಕಪ್ಪು ಮರಳುವುದು ನಿಜ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಗನ್ನಿನ ಗಾಳಿ 500 ಡಿಗ್ರಿ ದಾಟಬಲ್ಲದು, ಪಾಲಿಪ್ರೊಪಿಲೀನ್ ಸುಮಾರು 160ಕ್ಕೇ ಕರಗುತ್ತದೆ. ನೆಂಟರ ಕಾರೊಂದರ ಬಂಪರಿನಲ್ಲಿ ಕೈ ಒಂದು ಗಳಿಗೆ ನಿಂತ ಕಡೆ ಗುಳಿಗಳೆಲ್ಲ ಅಳಿಸಿ ನುಣ್ಣನೆಯ ಕಲೆ ಉಳಿದಿತ್ತು. ಉಳಿದ ಕಡೆ ಕಪ್ಪು ಬಂದದ್ದೂ ಒಂದು ಬೇಸಿಗೆಗೆ ಮುಗಿಯಿತು. ನಾನದಕ್ಕೆ ಕೈಹಾಕಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಪಿಕಪ್ ಮತ್ತೆ ಹೊಸದಾಯಿತು. ಈ ಸಲ ನಾವು ಯಾರೂ ಅದನ್ನು ನಂಬಲಿಲ್ಲ.

ಕೆಲಸ ಪೂರ್ತಿಯಾದದ್ದು 2021ರ ಫೆಬ್ರುವರಿಯಲ್ಲಿ. ಈ ನಡುವೆ ಬೆಂಗಳೂರಿನಿಂದ ಒಂದು ಪುಟ್ಟ ಬಾಟಲಿ ತರಿಸಿದ್ದೆ. ಮೇಲ್ಮೈಗೆ ಅಂಟಿ ಗಟ್ಟಿಯಾಗುವ, ಸಿಲಿಕಾ ಆಧಾರದ ಲೇಪ. ಹೊಳಪಿಗಾಗಿ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ದ್ರವಗಳು ನಾಲ್ಕು ಸಲ ತೊಳೆದರೆ ಹೋಗುತ್ತವೆ. ಇದು ಒಣಗಿ ಪದರವಾಗಿ ನಿಲ್ಲುತ್ತದೆ. ನಿಲ್ಲಬೇಕಾದರೆ ಅಡಿಯಲ್ಲಿ ಎಣ್ಣೆಯ ಅಂಶ ಲವಲೇಶವೂ ಇರಕೂಡದು. ಮತ್ತೆ ಮೊದಲಿನಿಂದ ತೊಳೆದೆ. ಕೊನೆಗೊಮ್ಮೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಮನೆ ತುಂಬ ಸ್ಯಾನಿಟೈಸರ್ ಇದ್ದ ಕಾಲ ಅದು, ಆದರೆ ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ, ಅದು ಪ್ಲಾಸ್ಟಿಕ್ಕಿನ ಮೇಲೆ ಉಳಿಯುತ್ತದೆ. ಮೂಡಿಗೆರೆಯಿಂದ ಬರಿಯ ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ. ಪೇಂಟಿಗೆ ತಾಗದ ಹಾಗೆ ಅಂಚಿಗೆಲ್ಲ ಟೇಪು ಹಚ್ಚಿದೆ. ಲೇಪ ಹಾಕುವುದಕ್ಕೆ ಹಿಡಿದದ್ದು ಎರಡೇ ಗಂಟೆ. ಸ್ಪಂಜಿನ ತುಂಡಿಗೆ ಹನಿ ಹನಿ ಹಾಕಿ ತೆಳುವಾಗಿ ಎಳೆಯುವುದು, ನಾಲ್ಕೈದು ನಿಮಿಷಕ್ಕೆ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಹದವಾಗಿ ಒರೆಸುವುದು. ದಪ್ಪ ಬಳಿದರೆ ಪಟ್ಟೆ ಪಟ್ಟೆಯಾಗುತ್ತದೆ. ಪ್ರತಿ ಬಾರಿಯೂ ತಗಡಿನ ಹಿಂದಿನ ಆ ಚೌಕದ ಜೊತೆ ಹೋಲಿಸಿ ನೋಡಿದೆ. ಎರಡನೇ ಪದರಕ್ಕೆ ಸುತ್ತಲಿನ ಕಪ್ಪು ಅದರ ಹತ್ತಿರ ಬಂತು. ಅದೇ ಆಯಿತು ಎನ್ನಲಾರೆ. ಕಣ್ಣು ಕಿರಿದು ಮಾಡಿ ನೋಡಿದರೆ ಚೌಕದ ಗೆರೆ ಈಗಲೂ ಕಾಣುತ್ತದೆ.

ಲೇಪ ಗಟ್ಟಿಯಾಗುವವರೆಗೆ ನೀರು ಸೋಕಬಾರದು. ಫೆಬ್ರುವರಿಯಲ್ಲಿ ಮಳೆಯಿಲ್ಲ ನಿಜ, ಇಬ್ಬನಿ ಇದೆಯಲ್ಲ. ಕಣದ ಮೇಲೆ ರಾತ್ರಿಯೆಲ್ಲ ಸುರಿಯುತ್ತದೆ. ರೊಬಸ್ಟಾ ಕುಯ್ಲಿನ ಸಮಯ, ಗೋದಾಮು ತುಂಬ ಮೂಟೆ. ನಾನು ಏನು ಮಾಡುವುದೆಂದು ನಿಂತಿರುವಾಗ ಅಪ್ಪ ಆಳುಗಳನ್ನು ಕರೆದು ಮುಂದಿನ ಎರಡು ಸಾಲು ಮೂಟೆಗಳನ್ನು ಜಗಲಿಗೆ ಸಾಗಿಸಿದರು. ಕಾಫಿಗಿಂತ ಬೇರೆ ಯಾವುದಕ್ಕೂ ಆ ಗೋದಾಮಿನಲ್ಲಿ ಜಾಗ ಬಿಡಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಿಕಪ್ ಎರಡು ರಾತ್ರಿ ಕಾಫಿಯ ಜೊತೆ ಮಲಗಿತು. ಆ ಎರಡು ದಿನದಲ್ಲಿ ಅಪ್ಪ ಪಲ್ಪರ್ ಮನೆಯ ಪಕ್ಕ ನಾಲ್ಕು ಕಂಬ ನಿಲ್ಲಿಸಿ ಅಡಿಕೆ ಸೋಗೆಯ ಚಪ್ಪರ ಹಾಕಿಸಿದರು. "ಗಿಡಕ್ಕೆ ನೆರಳು ಹೆಚ್ಚಾಯ್ತಾ ಕಡಿಮೆಯಾಯ್ತಾ ಅಂತ ವರ್ಷಾ ಮರಗಸಿ ಮಾಡಿಸ್ತೀವಿ, ಗಾಡಿಗೆ ನೆರಳು ಬೇಕು ಅಂತ ಹೊಳೀಲಿಲ್ಲ ನೋಡು" ಎಂದರು. ಬಾಟಲಿಯ ಲೇಪಕ್ಕಿಂತ ಆ ಸೋಗೆಯ ಚಪ್ಪರವೇ ದೊಡ್ಡ ಮದ್ದು ಎಂದು ನನಗೂ ಅನ್ನಿಸಿತ್ತು.

ಮೂರನೇ ದಿನ ಬೆಳಿಗ್ಗೆ ಪಿಕಪ್ಪನ್ನು ಕಣಕ್ಕೆ ತಂದು ನಿಲ್ಲಿಸಿದೆ. ಒಂದು ತಂಬಿಗೆ ನೀರು ಎರಚಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಾಗಿ ಉರುಳಿ ಕೆಳಗೆ ಬಿತ್ತು. ಒಣ ಬಿಸಿಲಿನಲ್ಲಿ, ಫೆಬ್ರುವರಿ ತಿಂಗಳಿನಲ್ಲಿ, ಬಂಪರು ಕರ್ರಗಿತ್ತು. ಹೆಸರಿನ ತಗಡನ್ನು ಮೊದಲಿನ ಜಾಗದಲ್ಲೇ ಕೂರಿಸಿ ಸ್ಕ್ರೂ ಬಿಗಿದೆ.

ಅಪ್ಪ ಜಗಲಿ ಇಳಿದು ಬಂದರು. ಕನ್ನಡಕವಿರಲಿಲ್ಲ. ಬಂಪರಿನ ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳು ಒತ್ತಿ ಎಳೆದುಕೊಂಡು ಹೋಗಿ, ಬೆರಳನ್ನು ಮುಖದ ಹತ್ತಿರ ತಂದು ನೋಡಿದರು. ಕಪ್ಪು ಹತ್ತಿರಲಿಲ್ಲ. ಎಣ್ಣೆಯೂ ಇರಲಿಲ್ಲ. ಆದರೂ ಹಳೆಯ ಅಭ್ಯಾಸದಂತೆ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಎನಾಮಲ್ ಒಣಗಿದೆಯೇ ಎಂದು ಜೀಪಿನ ಬಂಪರಿಗೆ ಹೀಗೇ ಹೆಬ್ಬೆರಳು ಒತ್ತುತ್ತಿದ್ದರು. ಸುತ್ತ ನಿಧಾನಕ್ಕೆ ಒಂದು ಬಾರಿ ನಡೆದರು. ಬಲಗಡೆಯ ಬಾಗಿಲ ಹತ್ತಿರ ನಿಂತು, ಕತ್ತು ಚಾಚಿ, ಕನ್ನಡಿ ಚಿಪ್ಪಿನ ಅಡಿಗೆ ಇಣುಕಿದರು.

"ಇಲ್ಲೊಂದು ಕಡೆ ಬಿಟ್ಟಿದೀಯ" ಎಂದರು.

ಬಗ್ಗಿ ನೋಡಿದೆ. ಕಾಫಿ ಬೀಜದಷ್ಟು ಅಗಲದ ಬೂದಿ ಬಣ್ಣದ ಚುಕ್ಕೆ. ಸ್ಪಂಜು ತರಲು ಒಳಗೆ ಹೋದೆ.